ಕನ್ಸೋಲಿಗೆ ಒಡೆದ ಕಾಯಿ

ವಿಡಿಯೊ ಗೇಮ್ ಕನ್ಸೋಲಿನ ಕಾಳಗದಲ್ಲಿ ಗೆದ್ದವರು ಸೋತವರನ್ನು ಕಡಿಯಬಹುದು, ಆಡದೆ ಕಡಿದರೆ ಗಲ್ಲು ಎಂಬ ಕಾಯಿದೆ ಬಂದು ಒಂಬತ್ತು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನೀಲವ್ವ ಆ ಮಧ್ಯಾಹ್ನ ಆನ್ ಆಗದ ಕನ್ಸೋಲೊಂದನ್ನು ಬಿಚ್ಚುತ್ತಿದ್ದಳು. ಅವಳ ಬೆನ್ನ ಹಿಂದೆ, ಅದನ್ನು ರಿಪೇರಿಗೆ ತಂದಿದ್ದ ಅಣ್ಣತಮ್ಮಂದಿರು, ಒಂದು ಗೋಡೆಗಾಗಿ ಕಿತ್ತಾಡಿದ ಗುರುಸಿದ್ದ ಮತ್ತು ಅಡಿವೆಪ್ಪ, ತೊಡೆಯ ಮೇಲೆ ಮಚ್ಚಿಟ್ಟುಕೊಂಡು ಕೂತಿದ್ದರು.

ವೈರು, ಅಡಾಪ್ಟರ್ ಸರಿಯಿದ್ದವು. ಮುಚ್ಚಳ ತೆಗೆದರೆ ಒಳಗೆಲ್ಲ ತೆಂಗಿನಕಾಯಿ ನೀರು, ಕುಂಕುಮ ಕಲೆತ ರಾಡಿ.

"ಇದರ ಮ್ಯಾಲೆ ಕಾಯಿ ಒಡದವ್ರು ಯಾರ್ರಿ?"

"ಆಯುಧ ಅಲ್ಲೇನ್ರಿ ಅಕ್ಕಾರ, ಪೂಜಿ ಮಾಡಬೇಕಲ್ಲ" ಎಂದ ಗುರುಸಿದ್ದ.

"ನಾ ಬ್ಯಾಡ ಅಂದಿದ್ದೆ" ಎಂದ ಅಡಿವೆಪ್ಪ.

"ಪ್ರಸಾದ ತಿನ್ನುಮುಂದ ಸುಮ್ಮನಿದ್ದೆಲ್ಲಲೇ."

ನೀಲವ್ವ ಬಿಸಿಗಾಳಿಯ ಮಷಿನ್ ಹಚ್ಚಿದಳು. ಅದರ ಗದ್ದಲದಲ್ಲಿ ಮುಂದಿನದು ಕೇಳಿಸಲಿಲ್ಲ. ಹಸಿರು ದೀಪ ಹತ್ತಿದ ಮೇಲೆ ತಿರುಗಿ ನೋಡಿದರೆ, ಗುರುಸಿದ್ದ ಕುತ್ತಿಗೆ ಸೀಳಿಹೋಗಿ ನೆಲಕ್ಕೆ ಬಿದ್ದಿದ್ದ. ರಕ್ತ ಹೊಸ್ತಿಲು ದಾಟಿತ್ತು.

"ಸಿಟ್ಟು ತಡೀಲಿಲ್ರಿ" ಎಂದ ಅಡಿವೆಪ್ಪ, ಜಾಯ್‌ಸ್ಟಿಕ್ ಎತ್ತಿಕೊಂಡು. "ಅವನ ಪರವಾಗಿ ನೀವ ಆಡ್ರಿ ಅಕ್ಕಾರ. ಲಗೂ ಸೋತಬಿಡ್ರಿ, ನಾ ಗಲ್ಲಿಂದ ಉಳೀತೀನಿ."

ರಿಪೇರಿಯಾದ ಕನ್ಸೋಲುಗಳನ್ನು ದಿನಕ್ಕೆ ಹತ್ತು ಸಲ ಆಡಿ ಪರೀಕ್ಷಿಸುವ ನೀಲವ್ವ ಎದುರು ಕೂತಳು. ಗುರುಸಿದ್ದನ ಮಚ್ಚನ್ನು ಕಾಲಿನಿಂದ ತನ್ನ ಕಡೆ ಎಳೆದುಕೊಂಡಳು.

"ಶುರು ಮಾಡು, ತಮ್ಮಾ" ಎಂದಳು.