ಕಾಗೆ ಮುಟ್ಟದ ಎಡೆ

ಅಪ್ಪನ ಹನ್ನೊಂದನೆಯ ದಿನ. ತಾರಸಿಯ ಕಟ್ಟೆಯ ಮೇಲೆ ಎಡೆ ಇಟ್ಟು, ಕೈಮುಗಿದು, ಎಲ್ಲರೂ ಕಾಗೆಗಾಗಿ ಕಾದೆವು. ಎದುರಿನ ತೆಂಗಿನಮರದ ತುಂಬ ಕಾಗೆಗಳು. ಒಂದೂ ಕೆಳಗಿಳಿಯಲಿಲ್ಲ.

"ಏನೋ ಆಸೆ ಉಳಿದುಬಿಟ್ಟಿದೆ," ಎಂದರು ಪುರೋಹಿತರು.

"ನಿನ್ನ ಸ್ಕೂಟರ್ ಮಾರಲ್ಲ ಅಪ್ಪಾ," ಎಂದೆ ನಾನು. ಕಾಗೆ ಬರಲಿಲ್ಲ.

ನಮ್ಮ ಹಿಂದೆ ನಿಂತಿದ್ದ ಅಮ್ಮ ಅಣ್ಣನಿಗೆ ಹೇಳಿದಳು: "ಅವರಿಗಿದ್ದದ್ದು ನಿನ್ನದೇ ಚಿಂತೆ ಕಣೋ. ಗೋಧಿ ಆಗದ ಅವರ ಆ ಸೀಲಿಯಾಕ್ ಕಾಯಿಲೆ ಮಕ್ಕಳಿಗೂ ಬರಬಹುದು, ಥೈರಾಯ್ಡ್ ಇರೋ ನೀನಂತೂ ಪರೀಕ್ಷೆ ಮಾಡಿಸಲೇಬೇಕು ಅಂತ ಡಾಕ್ಟರು ಹೇಳಿರಲಿಲ್ವಾ?"

"ಚಪಾತಿ ತಿಂದು ಯಾರಿಗಾದ್ರೂ ಕಾಯಿಲೆ ಬರುತ್ತೇನಮ್ಮಾ?" ಅಣ್ಣ ಹೊಟ್ಟೆ ಹಿಡಿದುಕೊಂಡೇ ರೇಗಿದ.

ಬಿಸಿಲೇರಿತು. ಎಡೆಯ ಅನ್ನ ಒಣಗಿತು. ಹಸಿದ ನೆಂಟರೆಲ್ಲ ಅಣ್ಣನನ್ನೇ ದುರುಗುಟ್ಟಿ ನೋಡತೊಡಗಿದರು. ಕೊನೆಗೆ ಅವನು ಆಕಾಶ ನೋಡಿ ಕೂಗಿದ: "ಆಯ್ತಪ್ಪಾ, ನಾಳೆನೇ ರಕ್ತಪರೀಕ್ಷೆ ಮಾಡಿಸ್ತೀನಿ! ಅಮ್ಮನಾಣೆ!"

ಮರುಕ್ಷಣವೇ ಕಾಗೆಗಳು ಎಡೆಗೆ ಮುಗಿಬಿದ್ದವು.

ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಹಿಂದಿರುಗಿ ನೋಡಿದೆ. ಹಪ್ಪಳ ಒಣಹಾಕಿದಾಗ ಕಾಗೆ ಓಡಿಸುವ ಕೋಲನ್ನು ಅಮ್ಮ ಸದ್ದಿಲ್ಲದೆ ಗೋಡೆಗೆ ಒರಗಿಸುತ್ತಿದ್ದಳು.