ಎರಡನೇ ಸರ್ವರ್ ಯಾರಿಗೆ ಕಾಯುತ್ತಿತ್ತು

ಪರೀಕ್ಷೆಗೆಂದು ಮೊದಲನೇ ಸರ್ವರ್ ಆಫ್ ಮಾಡಿದ ತಕ್ಷಣ ಎರಡನೆಯದು ಕೆಲಸ ವಹಿಸಿಕೊಳ್ಳಬೇಕಿತ್ತು. ಬ್ರನೋ ನಗರದ ಬಳಿಯ ಹೊಸ ಆಂಬುಲೆನ್ಸ್ ಕೇಂದ್ರಕ್ಕೆ ಹೆಡ್ವಿಕಾ ಅದನ್ನು ಹಾಗೆಂದೇ ಸಜ್ಜುಗೊಳಿಸಿದ್ದಳು. ಪರದೆಯ ಮೇಲೆ ಮಾತ್ರ ‘ಕಾಯುತ್ತಿದೆ’ ಎಂಬ ಒಂದೇ ಪದ.

“ಯಾರಿಗೆ ಕಾಯ್ತಿದೆ ಕಣೇ ಇದು?” ಎಂದ ಜೊತೆಗಾರ ರಾದಿಮ್.

“ಅದೇ ತಿಳೀತಿಲ್ಲ ಕಣೋ. ನಿನ್ನೆ ಚೆನ್ನಾಗೇ ಎದ್ದಿತ್ತು.” ತಾನೇ ಬರೆದ ಕೋಡ್‌ನ ಸಾಲುಗಳ ಮೇಲೆ ಅವಳು ಬೆರಳಾಡಿಸಿದಳು. ಫೋನ್ ಸೇವೆ ಏಳಬೇಕಾದರೆ ಮೊದಲು ನಕ್ಷೆ ಏಳಬೇಕು, ನಕ್ಷೆಗೂ ಮೊದಲು ವಿಳಾಸಗಳ ಡೇಟಾಬೇಸ್. ಬೆರಳು ಅಲ್ಲೇ ನಿಂತಿತು. ಆ ಡೇಟಾಬೇಸ್ ಇದ್ದದ್ದು ಮೊದಲನೇ ಸರ್ವರ್‌ನಲ್ಲಿ ಮಾತ್ರ. ನಿನ್ನೆ ಎರಡೂ ಆನ್ ಇದ್ದವು.

ಕೇಂದ್ರದ ಮುಖ್ಯಸ್ಥೆ ಮಿಲೆನಾ ಹಿಂದೆಯೇ ನಿಂತಿದ್ದರು. “ಮೊದಲನೇದು ಆನ್ ಮಾಡಿದ್ರೆ ಸರಿಹೋಗತ್ತೇನಮ್ಮ? ನಾಳೆ ಉದ್ಘಾಟನೆ.”

“ಸರಿಹೋಗತ್ತೆ ಮೇಡಂ.” ಹೆಡ್ವಿಕಾ ಸ್ವಿಚ್ಚಿನಿಂದ ಕೈ ಹಿಂದಕ್ಕೆ ತೆಗೆದಳು. “ಆದ್ರೆ ಅದು ನಿಜವಾಗ್ಲೂ ಕೆಟ್ಟುಹೋದ ದಿನ ಯಾರ ಫೋನೂ ಎತ್ತಕ್ಕಾಗಲ್ಲ. ಉದ್ಘಾಟನೆ ನಾಳೆ ಬೇಡ.”