ಗಂಜಾಮಿನವರ ವೀಳ್ಯ

"ಯಾವೂರು ಸ್ವಾಮಿ?" ಸಿರಾ ಪೇಟೆಯ ಮದುವೆ ಚಪ್ಪರದ ಬಾಗಿಲಲ್ಲಿ ವೀಳ್ಯದೆಲೆ ಜೋಡಿಸುತ್ತ ಕುಳಿತಿದ್ದ ನಾಗಲಿಂಗಯ್ಯ ಕೇಳಿದರು.

"ಸಿರಾ," ಎಂದರು ನಂದೀಶ್ವರಯ್ಯ.

"ಸಿರಾದಾಗೇ ನಿಂತ್ಕಂಡು ಸಿರಾ ಅಂತೀರಲ್ಲ! ಬಿಸ್ಲು ನೆತ್ತಿಗೇರೈತೆ. ಒಳಗೆ ಬಂದು ಮಜ್ಜಿಗೆ ಕುಡೀರಿ."

ನಂದೀಶ್ವರಯ್ಯನವರ ಹೆಂಡತಿ ಜಗದಾಂಬ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಹುಟ್ಟಿ, ಅಲ್ಲೇ ತಲೆ ನರೆಸಿಕೊಂಡಿದ್ದರೂ ಗಂಡ ಊರು ಕೇಳಿದವರಿಗೆ ಗಂಜಾಂ ಎಂದವರಲ್ಲ. ಸುಲ್ತಾನರ ಕಾಲದಲ್ಲಿ ಸಿರಾದ ಸಂಸಾರಗಳನ್ನು ಎಬ್ಬಿಸಿ ಗಂಜಾಂ ಪೇಟೆ ತುಂಬಿಸಿದಾಗ ಗಂಟುಮೂಟೆ ಹೊತ್ತವರಲ್ಲಿ ಇವರ ವಂಶದ ಚನ್ನಮಲ್ಲಯ್ಯನೂ ಒಬ್ಬ. ಆ ಹಿರಿಯನ ಗುರುತು ಒಂದಾದರೂ ಸಿಕ್ಕೀತೆಂದು ಇಂದು ಬೆಳಿಗ್ಗೆ ತುಮಕೂರಿನಿಂದ ಯುದ್ಧಕಾಲದ ಇದ್ದಲು ಗ್ಯಾಸಿನ ಬಸ್ಸಿನಲ್ಲಿ, ಎರಡು ಕಡೆ ಇಳಿದು ತಳ್ಳಿ, ಬಂದಿದ್ದರು. ಸಂಜೆಯ ಬಸ್ಸಿಗೇ ವಾಪಸು.

ಗುರುತು ಸಿಕ್ಕಿರಲಿಲ್ಲ. ಕೋಟೆ ಬಾಗಿಲ ಬಳಿ ಸಾಹೇಬರೊಬ್ಬರು, ಚನ್ನಮಲ್ಲಯ್ಯ ಊರು ಬಿಟ್ಟು ನೂರೈವತ್ತು ವರ್ಷವಾಯಿತೆಂದು ಕೇಳಿ, "ಅರೆ, ಹೋದ ವರ್ಷ ಬಂದಿದ್ರೆ ನಮ್ಮ ಅಬ್ಬಾನ್ನ ಕೇಳ್ಬೋದಿತ್ತು" ಎಂದು ನಿಜವಾಗಿಯೇ ಮರುಗಿದ್ದರು.

"ಈ ಊರಿಗೆ ನೀವು ಯಾರೋ ಏನೋ. ಇನ್ನಾದ್ರೂ ಗಂಜಾಂ ಅನ್ನಿ," ಎಂದರು ಜಗದಾಂಬ, ಮಜ್ಜಿಗೆಯ ಲೋಟ ಕೆಳಗಿಡುತ್ತ.

ಅಷ್ಟರಲ್ಲಿ ನಾಗಲಿಂಗಯ್ಯ ಎದ್ದು ನಿಂತು, ಬಂದ ನೆಂಟರಿಗೆ ಊರಿನ ಹೆಸರು ಹಿಡಿದು ವೀಳ್ಯ ಕೂಗತೊಡಗಿದರು. "ಮಧುಗಿರಿಯವರ ವೀಳ್ಯಾ!" ಒಬ್ಬರು ಎದ್ದು ಬಂದು ಕೈಯೊಡ್ಡಿದರು. "ಕೊರಟಗೆರೆಯವರ ವೀಳ್ಯಾ!" ಇನ್ನೊಬ್ಬರು. ತಟ್ಟೆಯಲ್ಲಿ ಒಂದೇ ಉಳಿಯಿತು.

"ಗಂಜಾಮಿನವರ ವೀಳ್ಯಾ!"

ಯಾರೂ ಏಳಲಿಲ್ಲ, ಯಾರೂ ಅಚ್ಚರಿಪಡಲೂ ಇಲ್ಲ. ನಾಗಲಿಂಗಯ್ಯ ಅದನ್ನು ಚಪ್ಪರದ ಹಾಲುಗಂಬದ ಬುಡದಲ್ಲಿಡಲು ಬಗ್ಗಿದರು.

"ಅದ್ಯಾಕೆ ಅಲ್ಲಿ?" ನಂದೀಶ್ವರಯ್ಯ ಕೇಳಿದರು.

"ನಮ್ಮೋರೇ ಸ್ವಾಮಿ. ಯಾವ ಕಾಲದಾಗೋ ಎಬ್ಬಿಸ್ಕಂಡು ಹೋದ್ರಂತೆ. ಬರಾಕಿಲ್ಲ ಅಂತ ಕೂಗೋದು ಬುಡಾಕಾಯ್ತದಾ? ಬಂದ್ಬುಟ್ರೆ ಏನ್ ಮುಖ ತೋರ್ಸೋದು?"

ಜಗದಾಂಬ ಗಂಡನ ಬೆನ್ನಿಗೆ ಮೆಲ್ಲಗೆ ತಿವಿದರು. ನಂದೀಶ್ವರಯ್ಯ ಎದ್ದು, ಶಲ್ಯ ಸರಿಮಾಡಿಕೊಂಡು, ಎರಡೂ ಕೈ ಒಡ್ಡಿದರು.

"ಯಾವೂರು ಅಂದ್ರಿ?"

"ಗಂಜಾಂ," ಎಂದರು, ಹುಟ್ಟಿದ ಮೇಲೆ ಮೊದಲ ಸಲ, ಇಡೀ ಚಪ್ಪರಕ್ಕೆ ಕೇಳುವಂತೆ.

ನಾಗಲಿಂಗಯ್ಯ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಲೆಯನ್ನು ಕೈಗಿಡುತ್ತ ಗದರಿದರು:

"ಇಷ್ಟೊತ್ತಾ ಬರೋದು?"